ಹೊಸತೊಡಕಿನ ಸವಾರಿ

ನಮ್ಮಮ್ಮನಿಗೆ ನಾನು ಇಟ್ಟಿದ್ದ ಹೆಸರು ಕಂಡಕ್ಟರ್. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕಾಲು ಒಂದು ಕಡೆಗೆ ಇಳಿಬಿಟ್ಟು ಕೂತರೆ ಸಾಕು, ಅವಳ ಬಾಯಿ ಶುರುವಾಗುತ್ತಿತ್ತು. "ಮುಂದೆ ಹಳ್ಳ ರೀ. ಎಡಕ್ಕೆ ಸೈಕಲ್ಲು. ನಿಧಾನ, ನಿಧಾನ, ಹಸು ನಿಂತೈತೆ." ರಾಜಾಜಿನಗರದ ನಮ್ಮ ಮನೆ ಬಿಟ್ಟು ವಿಜಯನಗರ ಮುಟ್ಟುವಷ್ಟರಲ್ಲಿ ದಾರಿಯ ಪ್ರತಿ ಕಲ್ಲು, ನಾಯಿ, ಎಮ್ಮೆಗೂ ಅವಳು ಹಾಜರಿ ಹಾಕಿ ಮುಗಿಸಿರುತ್ತಿದ್ದಳು. ಮುಂದೆ ಹ್ಯಾಂಡಲ್ ಹಿಡಿದು ನಿಂತ ನಾನು "ರೈಟ್ ರೈಟ್" ಎಂದು ಕೂಗಿ ಅಣಕಿಸುತ್ತಿದ್ದೆ. ಅಪ್ಪನಿಗೆ ನಗುವೋ ನಗು. "ಗಾಡಿ ನಾನ್ ಓಡಿಸ್ತಾ ಇಲ್ಲ ಕಣೇ, ನಿಮ್ಮಮ್ಮ ಓಡಿಸ್ತಾವ್ಳೆ," ಎನ್ನುತ್ತಿದ್ದ. ಅಮ್ಮನೂ ನಕ್ಕು ಸುಮ್ಮನಾಗುತ್ತಿದ್ದಳು. ಸುಮ್ಮನಾಗುವುದು ಅಂದರೆ ಮುಂದಿನ ಹಳ್ಳ ಬರುವವರೆಗೆ.

ಭಾನುವಾರದ ಆ ಸವಾರಿ ನಮ್ಮ ಮನೆಯ ದೊಡ್ಡ ಸುಖ. ಬೀದಿಯ ಹೊಂಗೆ ಮರ ಚಿಗುರಿ ಹೂ ಉದುರಿಸುವ ದಿನಗಳಲ್ಲಂತೂ ಕೇಳುವುದೇ ಬೇಡ. ಸೀಟಿನ ಮೇಲೆ ಬಿದ್ದ ಹೂವನ್ನು ಕೈಯಲ್ಲಿ ಗುಡಿಸುವುದು ನನ್ನ ಕೆಲಸ. ಅಮ್ಮನ ಜಡೆಯಲ್ಲಿ ಮಲ್ಲಿಗೆ ಮೊಗ್ಗು, ಎದುರಿನಿಂದ ಬಿಸಿಯಾರಿದ ಗಾಳಿ, ಎಲ್ಲಾದರೂ ನಿಂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಒಂದೇ ಕಿರಿಕಿರಿ ಏನೆಂದರೆ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಅಮ್ಮ ಹಟ ಹಿಡಿಯುತ್ತಿದ್ದಳು. ಮಿಕ್ಕವರೆಲ್ಲ ರಸ್ತೆಯಲ್ಲಿ ಮೆರೆಯುತ್ತಿರುವಾಗ ನಾವು ಕೋಳಿಗಳ ಹಾಗೆ ಗೂಡು ಸೇರುತ್ತಿದ್ದೆವು. ಅವಳ ದೇವರ ಭಕ್ತಿಗೆ ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಯುಗಾದಿಯ ಮಾರನೆಯ ದಿನ, ಕೆಂಗೇರಿಯ ದೊಡ್ಡಮ್ಮನ ಮನೆಗೆ ಹೋದೆವು. ಆ ದಿನ ನಮ್ಮ ಕಡೆ ಹೊಸತೊಡಕು. ಹಿಂದಿನ ದಿನ ಬೇವುಬೆಲ್ಲ, ಹೋಳಿಗೆ. ಹೊಸತೊಡಕಿಗೆ ಮಟನ್ ಸಾರು, ಮುದ್ದೆ. ಆವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಮಾಡುತ್ತೇವೆ ಎಂದು ನಂಬಿಕೆ. ಅದಕ್ಕೇ ಆ ದಿನ ಮಕ್ಕಳನ್ನು ಬೈಯುವಂತಿಲ್ಲ, ಗಂಡ ಹೆಂಡತಿ ಜಗಳ ಆಡುವಂತಿಲ್ಲ, ಕಣ್ಣೀರು ಹಾಕುವಂತಿಲ್ಲ. ನನ್ನಂಥ ತರಲೆಗೆ ವರ್ಷಕ್ಕೊಂದೇ ಸ್ವಾತಂತ್ರ್ಯದ ದಿನ.

ದೊಡ್ಡಮ್ಮನ ಮಗಳು ಬಾಣಂತಿಯಾಗಿದ್ದಳು. ಎಂಟು ದಿನ ಅಲ್ಲೇ ಇದ್ದು ಬಾಣಂತನಕ್ಕೆ ನೆರವಾಗುವುದೆಂದು ಅಮ್ಮ ಬಟ್ಟೆಯ ಚೀಲ ತಂದಿದ್ದಳು. ನಾನೂ ಅಪ್ಪನೂ ವಾಪಸ್ಸು. ಬೆಳಿಗ್ಗೆ ಅಮ್ಮ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಬಿಸಿನೀರು ಹೊಯ್ದಳು. ಸಾಂಬ್ರಾಣಿಯ ಹೊಗೆ ಮನೆಯೆಲ್ಲ ತುಂಬಿತು. ಹಿಂದಿನ ದಿನದ ತಂಗಳು ಹೋಳಿಗೆಯನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಾ ನಾನು ನೋಡುತ್ತಿದ್ದೆ. ಮಧ್ಯಾಹ್ನ ಎರಡು ಮುದ್ದೆ ಉಂಡು, ಎಲುಬು ಚೀಪಿ, ಜಗಲಿಯಲ್ಲಿ ಬಿದ್ದುಕೊಂಡೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಮೂರು ಗಂಟೆಗೆ ಅಮ್ಮ ಶುರು ಮಾಡಿದಳು. "ಹೊರಡಿ ರೀ, ಬಿಸಿಲಿರೋವಾಗ್ಲೇ ಸೇರ್ಕೊಳ್ಳಿ." ನಾಲ್ಕಕ್ಕೆ ಮತ್ತೆ ಹೇಳಿದಳು. ಐದಕ್ಕೆ ಸ್ಕೂಟರಿನ ಹತ್ತಿರ ಹೋಗಿ, ಮನೆಗೆ ಒಯ್ಯಬೇಕಾದ ಸಾರಿನ ಡಬ್ಬಿಯನ್ನು ತಾನೇ ಕೊಕ್ಕೆಗೆ ನೇತುಹಾಕಿದಳು. ದೊಡ್ಡಪ್ಪ ಬಿಡಬೇಕಲ್ಲ? "ಚಂದ್ರನ್ನ ನೋಡ್ದೆ ಹೊರಡೋದುಂಟಾ? ಹಬ್ಬ ಮುಗಿದಂಗಾಯ್ತದಾ? ನಂಗಂತೂ ಕನ್ನಡಕ ಹಾಕಿದ್ರೂ ಮಂಜು. ಮೊದ್ಲು ಕಂಡು ತೋರಿಸೋನು ನೀನೇ ಅಲ್ವೇನಯ್ಯಾ ಪ್ರತಿ ವರ್ಷ?"

ಅದು ನಿಜ. ಹೊಸ ವರ್ಷದ ಆ ಎಳೆ ಚಂದ್ರ ಅರ್ಧ ಗಂಟೆ ಕಂಡರೆ ಹೆಚ್ಚು. ಮೊದಲು ಕಂಡವರು ಮಿಕ್ಕವರಿಗೆ ತೋರಿಸಬೇಕು, ಆಮೇಲೆ ಚಿಕ್ಕವರು ದೊಡ್ಡವರ ಕಾಲಿಗೆ ಬೀಳಬೇಕು. ನಮ್ಮ ನೆಂಟರಲ್ಲಿ ಆ ಮರ್ಯಾದೆ ಅಪ್ಪನದು. ಕಾರ್ಖಾನೆಯ ಲೇತ್ ಮಿಷನ್ನಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಣ್ಣು ಎಂದು ಹೆಸರು. ಅಪ್ಪ ಅಮ್ಮನ ಮುಖ ನೋಡಲಿಲ್ಲ. "ಆಯ್ತು ಭಾವ, ನೋಡ್ಕೊಂಡೇ ಹೋಗ್ತೀವಿ," ಎಂದ. ಅಮ್ಮ ನಕ್ಕಳು. ಹೊಸತೊಡಕಿನ ದಿನ ಮುಖ ಗಂಟು ಹಾಕುವಂತಿಲ್ಲವಲ್ಲ. ಆದರೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಸಾರು ಕೆಟ್ಟೀತೆಂಬ ಚಿಂತೆ ಇರಬೇಕೆಂದು ನಾನು ತಿಳಿದೆ.

ಹೊತ್ತು ಮುಳುಗಿದ ಮೇಲೆ ಎಲ್ಲರೂ ತಾರಸಿ ಹತ್ತಿದೆವು. ಪಡುವಣದಲ್ಲಿ ಇನ್ನೂ ಕೆಂಪು ಆರಿರಲಿಲ್ಲ. ಎಡಗಡೆಯ ತೆಂಗಿನ ಮರದ ಪಕ್ಕ ನನಗೆ ಚಂದ್ರ ಕಂಡುಬಿಟ್ಟ, ಒಡೆದ ಬಳೆಯ ಚೂರಿನಷ್ಟು. ಕೂಗಬೇಕೆಂದು ಬಾಯಿ ತೆಗೆದೆ, ಅಷ್ಟರಲ್ಲಿ ಅಪ್ಪ "ಅಗೋ!" ಎಂದು ಕೈ ತೋರಿಸಿದ. ಕೈ ಹೋಗಿದ್ದು ಬಲಕ್ಕೆ, ಪಕ್ಕದ ಮನೆಯ ನೀರಿನ ತೊಟ್ಟಿಯ ಮೇಲಕ್ಕೆ. ಅಲ್ಲಿ ಏನೂ ಇರಲಿಲ್ಲ. ದೊಡ್ಡಪ್ಪ ಆ ಖಾಲಿ ಆಕಾಶಕ್ಕೇ ಭಕ್ತಿಯಿಂದ ಕೈ ಮುಗಿದ.

"ಅಲ್ಲಲ್ಲಪ್ಪಾ..." ಎಂದೆ. ಅಮ್ಮ ನನ್ನ ರಟ್ಟೆ ಹಿಡಿದು ಎಷ್ಟು ಜೋರಾಗಿ ಚಿವುಟಿದಳೆಂದರೆ ಮುಂದಿನ ಮಾತು ಗಂಟಲಲ್ಲೇ ಉಳಿಯಿತು. "ನಂಗ್ ಕಾಣ್ತಾ ಇಲ್ವಲ್ಲೇ," ಎಂದಳು ದೊಡ್ಡಮ್ಮ. ಅಮ್ಮ ಅವಳ ಗಲ್ಲ ಹಿಡಿದು ತೆಂಗಿನ ಮರದ ಕಡೆ ತಿರುಗಿಸಿ, "ಅಗೋ, ಅವ್ರು ತೋರಿಸ್ತಾ ಇರೋದು ಅದನ್ನೇ ಅಕ್ಕಾ," ಎಂದಳು.

ದೊಡ್ಡಪ್ಪನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಚಂದ್ರನ ಯಾವ ಕೊಂಬು ಎತ್ತರವಿದೆ ಎಂದು ನೋಡಿ ಆ ವರ್ಷದ ಮಳೆಬೆಳೆ ಹೇಳುವುದು ಅವರ ಮನೆಯ ರೂಢಿ. "ಎಡಗೊಂಬು ಎತ್ತರನೋ, ಬಲಗೊಂಬೋ? ಸರಿಯಾಗಿ ನೋಡಿ ಹೇಳಯ್ಯಾ." ಅಪ್ಪ ನೀರಿನ ತೊಟ್ಟಿಯ ಮೇಲೆಯೇ ಕಣ್ಣು ನೆಟ್ಟಿದ್ದ. "ಎರಡೂ ಸಮ ಅಲ್ವೇನ್ರೀ?" ಎಂದಳು ಅಮ್ಮ. "ಹೂಂ. ಸಮ," ಎಂದ ಅಪ್ಪ. "ಹದ್ದಿನ ಕಣ್ಣು ಕಣಯ್ಯಾ ನಿಂದು," ಎಂದು ದೊಡ್ಡಪ್ಪ ಬೆನ್ನು ತಟ್ಟಿದ. ಬಲಗೊಂಬು ಎತ್ತರವಿದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಸೇರಿ ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲರ ಕಾಲಿಗೂ ಬಿದ್ದೆ. ಅಪ್ಪನ ಕಾಲಿಗೆ ಬಿದ್ದಾಗ, ತಲೆ ಮುಟ್ಟಲು ಚಾಚಿದ ಅವನ ಕೈ ಮೊದಲು ನನ್ನ ಕಿವಿಗೆ ಬಡಿಯಿತು.

ಕೆಳಗೆ ಬರುವಾಗ ಮೆಟ್ಟಿಲಿನ ಮೇಲೆ ಕತ್ತಲೆ. ಅಪ್ಪ ಗೋಡೆ ಸವರಿಕೊಂಡು ಇಳಿದ. ಅಮ್ಮ ಮೆಲ್ಲಗೆ, "ಇವತ್ತು ಇಲ್ಲೇ ಇದ್ದು ಬೆಳಿಗ್ಗೆ ಹೋದ್ರೆ ಆಗಲ್ವಾ?" ಎಂದಳು. "ಫಸ್ಟ್ ಶಿಫ್ಟು. ಆರಕ್ಕೆ ಗೇಟಲ್ಲಿ ಇರ್ಬೇಕು." "ಹಂಗಾದ್ರೆ ಗಾಡಿ ಬಿಟ್ಟು ಬಸ್ಸಲ್ಲಿ ಹೋಗಿ." ದೊಡ್ಡಪ್ಪ ಪಕ್ಕದಲ್ಲೇ ಇದ್ದ. ಅಪ್ಪನ ದನಿ ಏರಿತು. "ಯಾಕೆ? ನಂಗೇನಾಗೈತೆ?" ಅಮ್ಮ ಸೆರಗಿನ ಚುಂಗನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು.

ಅಮ್ಮನಿಗೆ ಆಗ ಇದ್ದ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ಆ ಗಳಿಗೆಯಲ್ಲಿ ಅವಳು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಷಡ್ಡಕನ ಎದುರು ಗಂಡನ ಮರ್ಯಾದೆ ಹೋಗುತ್ತದೆಂದು ಆಡಲಿಲ್ಲ. ಕಾರ್ಖಾನೆಗೆ ಸುದ್ದಿ ಹೋದರೆ ಮಿಷನ್ನಿನಿಂದ ಇಳಿಸಿ ಸ್ಟೋರ್ಸಿನಲ್ಲಿ ಕೂರಿಸುತ್ತಾರೆಂಬ ಭಯ ಬೇರೆ. ಅದೆಲ್ಲ ಈಗ ಅರ್ಥವಾಗುತ್ತದೆ. ಆದರೂ ಅದಕ್ಕಾಗಿ ಅವಳನ್ನು ನಾನು ಪೂರ್ತಿಯಾಗಿ ಕ್ಷಮಿಸಿಲ್ಲ.

ಅಮ್ಮನಿಲ್ಲದ ಸವಾರಿ, ಹಿಂದಿನ ಸೀಟು ನನ್ನದೇ ಎಂದು ಹಿಗ್ಗಿ ಹತ್ತಿ ಕೂತೆ. ಅಮ್ಮ ಬಂದು ದರದರ ಇಳಿಸಿ ಮುಂದೆ ನಿಲ್ಲಿಸಿದಳು. ಕಿವಿಯ ಹತ್ತಿರ ಬಗ್ಗಿ, "ಕಂಡಿದ್ದೆಲ್ಲಾ ಹೇಳ್ತಾ ಇರು. ಹಳ್ಳ, ಕಲ್ಲು, ಲಾರಿ, ಏನೇ ಆಗ್ಲಿ. ಅಪ್ಪ ಬೈದ್ರೂ ಬಾಯಿ ಮುಚ್ಬೇಡ," ಎಂದಳು. ಸೀಟು ಹೋದ ಸಿಟ್ಟಿಗೆ ನಾನು ತಲೆ ಸಹ ಆಡಿಸಲಿಲ್ಲ.

ಮೈಸೂರು ರಸ್ತೆಗೆ ಬಂದಾಗ ಕೆಂಪೆಲ್ಲ ಆರಿತ್ತು. ಎರಡೂ ಕಡೆ ದೊಡ್ಡ ಮರಗಳು, ದೀಪದ ಕಂಬ ಅಲ್ಲೊಂದು ಇಲ್ಲೊಂದು. ನಾನು ಮುಖ ಊದಿಸಿಕೊಂಡು ಬಾಯಿ ಬಿಗಿದಿದ್ದೆ. ಸ್ಕೂಟರ್ ಧಡ್ ಎಂದು ಹಳ್ಳಕ್ಕೆ ಇಳಿದು ಎದ್ದಿತು. ಸ್ವಲ್ಪ ಮುಂದೆ ಇನ್ನೊಂದು ಹಳ್ಳ. ದೀಪವಿಲ್ಲದ ಸೈಕಲ್ಲಿನವನೊಬ್ಬ ನಮ್ಮ ಮೊಣಕಾಲು ಸವರಿಕೊಂಡು ಹೋಗಿ, "ಕಣ್ ಕಾಣಲ್ವೇನೋ?" ಎಂದು ಕೂಗಿದ. ಹಿಂದಿನಿಂದ ಯಾರೂ "ಸೈಕಲ್ಲು" ಎಂದಿರಲಿಲ್ಲ. ಆಗ ನನಗೆ ಹೊಳೆಯಿತು. ನಾನು ವರ್ಷಗಟ್ಟಲೆ ಅಣಕಿಸಿದ್ದು ಅಮ್ಮನ ಹೆದರಿಕೆಯನ್ನಲ್ಲ, ಅವಳ ಕೆಲಸವನ್ನು.

"ಹಳ್ಳ ಅಪ್ಪಾ," ಎಂದೆ. ಅಪ್ಪ ನಗಬಹುದೆಂದು ಕಾದೆ. ನಗಲಿಲ್ಲ. ತಕ್ಷಣ ಹ್ಯಾಂಡಲ್ ತಿರುಗಿಸಿದ. ಯಾವ ಕಡೆ ಹಳ್ಳ ಎಂದು ಹೇಳಿರಲಿಲ್ಲ, ಮತ್ತೆ ಅದರೊಳಗೇ ಇಳಿಸಿದ. ಅವನು ಬೈದಿದ್ದರೆ ಧೈರ್ಯ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ನನ್ನ ಮಾತು ಕೇಳುತ್ತಿದ್ದುದಕ್ಕೇ ಭಯವಾಯಿತು. ಎಡಕ್ಕೆ ಕಲ್ಲು. ಮುಂದೆ ಇಬ್ಬರು ನಡ್ಕೊಂಡ್ ಹೋಗ್ತಾವ್ರೆ. ನಾಯಿ. ಎದುರಿಗೆ ಲಾರಿ. ಲಾರಿಯ ದೀಪ ಮುಖಕ್ಕೆ ಹೊಡೆದಾಗಲೆಲ್ಲ ಅಪ್ಪ ಅಂಚಿಗೆ ಸರಿದು, ಕಾಲು ಊರಿ ನಿಂತು, ಅದು ಹೋದ ಮೇಲೂ ಎಷ್ಟೋ ಹೊತ್ತು ಹೊರಡುತ್ತಿರಲಿಲ್ಲ. ವೃಷಭಾವತಿಯ ಕೆಟ್ಟ ವಾಸನೆ ಮೂಗಿಗೆ ಬಡಿದಾಗ, "ನಾಯಂಡಹಳ್ಳಿ ಬಂತಾ?" ಎಂದು ಕೇಳಿದ. ನನ್ನನ್ನು! ದಾರಿ ಗೊತ್ತಿಲ್ಲದ, ಒಂಬತ್ತು ವರ್ಷದ ನನ್ನನ್ನು!

ಅಮ್ಮ ಇದನ್ನು ಎಷ್ಟು ವರ್ಷ ಮಾಡಿದಳೋ, ನನ್ನಿಂದ ಅರ್ಧ ಗಂಟೆಯೂ ಮಾಡಲಾಗಲಿಲ್ಲ. ಹಬ್ಬದ ಹೊಸ ಬಟ್ಟೆ ಹಾಕಿದ ಮಕ್ಕಳು ರಸ್ತೆಯ ಆಚೆ ಐಸ್‌ಕ್ಯಾಂಡಿ ಗಾಡಿ ಸುತ್ತ ನಿಂತಿದ್ದರು. ಒಂದೇ ಒಂದು ಸಲ ಆ ಕಡೆ ನೋಡಿದೆ. ತಿರುಗಿದಾಗ ನಮ್ಮ ಮುಂದೆ ದೀಪವಿಲ್ಲದ ಎತ್ತಿನ ಗಾಡಿ, ಅದರ ಹಿಂದಕ್ಕೆ ಎರಡಾಳು ಉದ್ದ ಚಾಚಿದ ಬೊಂಬುಗಳು. ಎದುರಿನಿಂದ ಬಸ್ಸು. "ಅಪ್ಪಾ!" ಎಂದಷ್ಟೇ ಕಿರುಚಿದೆ. ಎಡವೋ ಬಲವೋ ಹೇಳಲು ಬಾಯಿ ಬರಲಿಲ್ಲ. ಅಪ್ಪ ಎರಡೂ ಬ್ರೇಕು ಒತ್ತಿದ. ಸ್ಕೂಟರ್ ಜಾರಿ ಮಣ್ಣಿಗೆ ಇಳಿದು, ವಾಲಿ, ಅಪ್ಪ ಊರಿದ ಕಾಲಿನ ಮೇಲೆ ನಿಂತಿತು. ಒಂದು ಬೊಂಬಿನ ತುದಿ ನನ್ನ ಮುಖದಿಂದ ಗೇಣು ದೂರದಲ್ಲಿತ್ತು. ಅದು ಅಲ್ಲಾಡುತ್ತಾ ಮುಂದಕ್ಕೆ ಹೋಯಿತು. ಗಾಡಿಯವನು ತಿರುಗಿ ಸಹ ನೋಡಲಿಲ್ಲ. ಸಾರಿನ ಡಬ್ಬಿ ಉರುಳಿ ಮಣ್ಣಿನಲ್ಲಿ ಚೆಲ್ಲಿತ್ತು.

ಅಪ್ಪ ಇಂಜಿನ್ ಆರಿಸಿದ. "ಏಟಾಯ್ತಾ? ಎಲ್ಲಿ, ಎಲ್ಲಿ?" ಎನ್ನುತ್ತಾ ಎರಡೂ ಕೈಯಿಂದ ನನ್ನ ಹಣೆ, ಕಣ್ಣು, ಕೆನ್ನೆ, ಗಲ್ಲ ತಡಕಿದ. ಅವನ ಮುಖದ ಎದುರಿಗೇ ನನ್ನ ಮುಖವಿತ್ತು. ಆದರೂ ತಡಕುತ್ತಿದ್ದ. ನನಗೆ ಅಳು ಬರುವ ಬದಲು ಕೆಂಡದಂಥ ಕೋಪ ಬಂತು. ಅಮ್ಮನನ್ನು ನೋಡಿ ನಾನು ನಕ್ಕಿದ್ದು ಗೊತ್ತಿಲ್ಲದೆ. ಇವನು ಎಲ್ಲ ಗೊತ್ತಿದ್ದೂ ನನ್ನ ಜೊತೆ ಸೇರಿ ನಕ್ಕಿದ್ದ.

"ನಿಂಗೆ ಕಾಣಲ್ಲ," ಎಂದೆ.

"ಅಮ್ಮ ಹೇಳಿದ್ಲಾ?"

"ಅವ್ಳು ಯಾಕ್ ಹೇಳ್ತಾಳೆ? ನೀನು ತೋರಿಸಿದ ಕಡೆ ಚಂದ್ರ ಇರ್ಲಿಲ್ಲ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ. "ಕೊಂಬೂ ಸಮ ಇರ್ಲಿಲ್ಲ. ಬಲಗಡೇದು ಎತ್ತರ ಇತ್ತು."

ಅಪ್ಪ ಮೈಲಿಗಲ್ಲಿನ ಮೇಲೆ ಕೂತ. ಲಾರಿಗಳು ಬರುತ್ತಿದ್ದವು, ಹೋಗುತ್ತಿದ್ದವು. ದೀಪ ಬಿದ್ದಾಗ ಅವನ ಮುಖ ಕಾಣುತ್ತಿತ್ತು, ಆಮೇಲೆ ಇಲ್ಲ. ಅವನ ಕಣ್ಣಿಗೆ ಈ ಕತ್ತಲೆ ಹೇಗಿದ್ದೀತು ಎಂದು ನೋಡಲು ನಾನು ಕಣ್ಣು ಮುಚ್ಚಿಕೊಂಡೆ. ಮೂರು ಎಣಿಸುವಷ್ಟರಲ್ಲಿ ಹೆದರಿ ತೆರೆದುಬಿಟ್ಟೆ. ಕೋಪ ಅಲ್ಲಿಗೆ ಇಳಿಯಿತು. ಹತ್ತಿರ ಹೋಗಿ ಅವನ ಅಂಗಿ ಹಿಡಿದು ನಿಂತೆ.

"ನಡಿ ಮಗಾ, ತಳ್ಕೊಂಡ್ ಹೋಗಣ," ಎಂದು ಅಪ್ಪ ಎದ್ದ. ಅವನು ಹ್ಯಾಂಡಲ್ ಹಿಡಿದ, ನಾನು ಅವನ ಮೊಣಕೈ ಹಿಡಿದೆ. ಬಾಪೂಜಿನಗರದ ಅಂಗಡಿಗಳ ದೀಪ ಕಾಣುವವರೆಗೂ ಹಾಗೇ ನಡೆದೆವು. ಹಳ್ಳ ಬಂದಾಗ ನಾನು ಹೇಳುತ್ತಿದ್ದೆ, ಯಾವ ಕಡೆ ಎಂಬುದನ್ನೂ ಸೇರಿಸಿ. ಬೀಡಾ ಅಂಗಡಿಯ ಮುಂದೆ ನಿಂತಿದ್ದ ಒಬ್ಬ ನಡುವಯಸ್ಸಿನ ಮನುಷ್ಯ, ಹಬ್ಬದ ಊಟ ಮಾಡಿ ಎಲೆಯಡಿಕೆ ಹಾಕುತ್ತಿದ್ದವನು, ನಮ್ಮನ್ನು ನೋಡಿ ಕನಿಕರದಿಂದ ಕೇಳಿದ.

"ಯಾಕ್ ಸಾರ್, ಪೆಟ್ರೋಲ್ ಖಾಲೀನಾ?"

ಎಷ್ಟು ಸುಲಭದ ಸುಳ್ಳು! ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಅಪ್ಪನ ಪರವಾಗಿ ನಾನೇ "ಹೂಂ" ಎನ್ನಲು ಬಾಯಿ ತೆಗೆದೆ. ಒಂದೇ ಸಂಜೆಯಲ್ಲಿ ನಾನೂ ಆ ಕೆಲಸ ಕಲಿತಿದ್ದೆ. ಅಪ್ಪ ನಿಂತ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ. ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಇಲ್ಲ ಸಾರ್. ನಂಗೆ ಕತ್ತಲಾದ್ರೆ ಕಣ್ಣು ಕಾಣಲ್ಲ."

ಅಪ್ಪ ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಗುರುತಿಲ್ಲದ ಒಬ್ಬ ಮನುಷ್ಯನಿಗೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವಳು ಕೆಂಗೇರಿಯಲ್ಲಿ ಬೇರೆಯವರ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು.