ಅಗ್ರಿಪ್ಪೀನಳ ಟೊಮೆಟೊ ಹಲಗೆಗಳು

ಆಗಸ್ಟ್ ಬಂತೆಂದರೆ ನಮ್ಮ ಓಣಿಯಲ್ಲಿ ಯಾರೂ ಅಗ್ರಿಪ್ಪೀನಳ ತಂಟೆಗೆ ಹೋಗುವುದಿಲ್ಲ. ಬೇಯಿಸಿ ಸೋಸಿದ ಟೊಮೆಟೊ ರಸಕ್ಕೆ ಉಪ್ಪು ಬೆರೆಸಿ, ತಾರಸಿಯ ಮೇಲೆ ಮರದ ಹಲಗೆಗಳಲ್ಲಿ ಹರಡಿ, ನಮ್ಮ ಸಿಸಿಲಿಯ ಸುಡುಬಿಸಿಲಿನಲ್ಲಿ ದಿನವಿಡೀ ಅಂಗೈಯಿಂದ ಕಲಸುತ್ತಿರುತ್ತಾಳೆ. ನೊಣ ಕೂರದಂತೆ ಮೇಲೆ ಹೊದಿಸುವುದು ಅವಳದೇ ಮದುವೆಯ ಮುಸುಕು. ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು, ಮುಸುಕು ಇನ್ನೂ ದುಡಿಯುತ್ತಿದೆ. ದಿನ ಕಳೆದಂತೆ ಹಲಗೆ ತುಂಬ ಇದ್ದದ್ದು ಒಂದು ಕಡುಗೆಂಪು ಮುದ್ದೆಯಾಗುತ್ತದೆ. ಅದೇ ಸ್ತ್ರಾತ್ತು. ಜಾಡಿಗೆ ಒತ್ತಿ ಮೇಲೆ ಆಲಿವ್ ಎಣ್ಣೆ ಸುರಿದಿಟ್ಟರೆ ಚಳಿಗಾಲದ ಅಡುಗೆಗೆ ಒಂದು ಚಮಚ ಸಾಕು.

ಓಣಿಯವರೆಲ್ಲ ಟೊಮೆಟೊ ತಂದು ಅವಳಿಗೇ ಒಪ್ಪಿಸುತ್ತೇವೆ. ಅವಳ ಕೈಗುಣ ಅಂಥದ್ದು. ಅದನ್ನು ಒಪ್ಪದವಳು ಒಬ್ಬಳೇ, ಎದುರು ಮನೆಯಲ್ಲಿರುವ ಅವಳ ನಾದಿನಿ ವೆನೆರ.

"ಏನ್ ಅತ್ತಿಗೆ, ಹಲಗೆ ಕಾಯ್ತಿದೀರೋ, ಊರ್ ಕಾಯ್ತಿದೀರೋ?"

"ನಿನ್ನಂಥ ನೊಣ ಬರುತ್ತಲ್ಲೇ, ಅದಕ್ಕೇ ಕಾಯ್ತಿದೀನಿ."

ಅಗ್ರಿಪ್ಪೀನ ಮದುವೆಯಾಗಿ ಬಂದ ದಿನದಿಂದ ಇಬ್ಬರದೂ ಇದೇ ರಾಗ. ನನಗಂತೂ ಕೇಳಿ ಕೇಳಿ ಕಿವಿ ತೂತಾಗಿತ್ತು.

ಹೋದ ವರ್ಷ ವಸಂತದಲ್ಲಿ ಅಗ್ರಿಪ್ಪೀನಳಿಗೆ ಜ್ವರ ಬಂತು. ಜ್ವರ ಹೋಯಿತು, ಜೊತೆಗೆ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತು. ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ಹಲಗೆಗಳು ಬೇರೆಯವರ ತಾರಸಿಗೆ ಹೋಗುತ್ತವೆ, ಆಮೇಲೆ ಈ ಓಣಿಯಲ್ಲಿ ತನ್ನನ್ನು ಕೇಳುವವರು ಯಾರು ಎಂಬ ಭಯ. ಆಗಸ್ಟಿನಲ್ಲಿ ಎಂದಿನಂತೆ ಪಾತ್ರೆಗೆ ಉಪ್ಪು ಹಾಕಿದಳು. ಹಲಗೆಯ ಮೇಲಿನ ರಸಕ್ಕೆ ಬೆರಳು ಅದ್ದಿ ನೆಕ್ಕಿದಳು, ಏನೂ ತಿಳಿಯಲಿಲ್ಲ. ಅನುಮಾನಕ್ಕೆ ಇನ್ನೊಂದು ಹಿಡಿ ಹಾಕಿದಳು. ನೀರು ಆರುತ್ತದೆ, ಉಪ್ಪು ಎಲ್ಲಿಗೆ ಹೋಗುತ್ತದೆ? ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಚಳಿ ಶುರುವಾಗಿ ಜಾಡಿ ತೆರೆದ ದಿನ ಮೊದಲ ತುತ್ತಿಗೇ ನನ್ನ ಗಂಡನ ಮುಖ ಹರಳೆಣ್ಣೆ ಕುಡಿದವನಂತಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ವೆನೆರ.

"ನಿಮ್ಮನೇದೂ ಹಿಂಗೇನಾ?"

"ಸಮುದ್ರ ಕುಡಿದಂಗಿದೆ ಕಣೆ."

"ಹಂಗಾದ್ರೆ ಕೇಳು. ಮಾಂಸಕ್ಕೂ ಉಪ್ಪು ಹಾಕ್ಬೇಡ, ಪಾಸ್ತಾ ನೀರಿಗೂ ಹಾಕ್ಬೇಡ, ಸರಿಹೋಗುತ್ತೆ. ಅತ್ತಿಗೆ ಕಿವಿಗೇನಾದ್ರೂ ಬಿತ್ತೋ, ನಿನ್ನ ಗ್ರಹಚಾರ ಬಿಡಿಸ್ಬಿಡ್ತೀನಿ."

ಹೀಗೇ ಮನೆಮನೆ ಸುತ್ತಿದಳು. ಅತ್ತಿಗೆಯ ತಪ್ಪು ಹುಡುಕುವುದೇ ಕಸುಬಾಗಿದ್ದವಳು, ಕೈಗೆ ಸಿಕ್ಕ ತಪ್ಪನ್ನು ಮಡಿಲಲ್ಲಿ ಮುಚ್ಚಿಟ್ಟಳು! ನನಗೆ ಅವಳ ಮೇಲೆ ಆ ದಿನ ಹುಟ್ಟಿದ ಪ್ರೀತಿ ಇನ್ನೂ ಕಡಿಮೆಯಾಗಿಲ್ಲ.

ಕ್ರಿಸ್‌ಮಸ್ ಹಿಂದಿನ ಭಾನುವಾರ ವೆನೆರಳ ಅಡುಗೆಮನೆಯಲ್ಲಿ ನಾವು ಮೂವರೂ ಇದ್ದೆವು. ನೀರು ಕುದಿಯಿತು. ವೆನೆರ ಹಾಗೆಯೇ ಪಾಸ್ತಾ ಸುರಿದಳು. ಉಪ್ಪಿಲ್ಲದ ನೀರಿಗೆ ಪಾಸ್ತಾ ಸುರಿಯುವವರನ್ನು ನಮ್ಮಲ್ಲಿ ತಲೆ ಕೆಟ್ಟವರೆಂದೇ ತಿಳಿಯುತ್ತಾರೆ.

"ಉಪ್ಪೆಲ್ಲೇ?" ಅಗ್ರಿಪ್ಪೀನ ಕೇಳಿದಳು.

"ಡಾಕ್ಟ್ರು ಬೇಡ ಅಂದಿದಾರೆ. ಬಿ.ಪಿ."

ಅಗ್ರಿಪ್ಪೀನ ನನ್ನ ಕಡೆ ತಿರುಗಿದಳು. "ಮೊನ್ನೆ ನೀನೂ ಹಾಕ್ಲಿಲ್ಲ. ನಿಂಗೂ ಬಿ.ಪಿ.ನಾ?"

ನಾನು ನೆಲ ನೋಡಿದೆ. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತಳು.

"ನಂಗೆ ರುಚೀನೇ ಗೊತ್ತಾಗಲ್ಲ ಕಣ್ರೇ. ಕಾಫಿ ಕುಡಿದ್ರೂ ಬಿಸಿನೀರೇ. ಎಲ್ಲಾರ್ ಟೊಮೆಟೊನೂ ಹಾಳ್ ಮಾಡ್ದೆ. ಇನ್ನು ಹಲಗೆ ಮುಟ್ಟಲ್ಲ."

ಮಗುವಿನಂತೆ ಅತ್ತಳು. ವೆನೆರ ಒಲೆ ಆರಿಸಿ ಅವಳ ಪಕ್ಕ ಬಂದು ನಿಂತಳು.

ಈ ಆಗಸ್ಟಿನಲ್ಲಿ ತಾರಸಿ ಬರಿದಾಗಿತ್ತು. ಎರಡು ದಿನ ನೋಡಿದ ವೆನೆರ, ಮೂರನೆಯ ಬೆಳಿಗ್ಗೆ ಏದುಸಿರು ಬಿಡುತ್ತ ತಾನೇ ಹಲಗೆಗಳನ್ನು ಮೇಲೆ ಹೊತ್ತಳು. ಎಲ್ಲರ ಟೊಮೆಟೊ ತರಿಸಿ ನನ್ನ ಜೊತೆ ಬೇಯಿಸಿ ಸೋಸಿ, ಉಪ್ಪು ಹಾಕದೆ ಹರಡಿದಳು. ಆಮೇಲೆ ಕೆಳಗಿಳಿದು ಅತ್ತಿಗೆಯ ಕೈ ಹಿಡಿದು ದರದರ ಎಳೆದುಕೊಂಡು ಬಂದಳು.

"ಕಲಸಿ."

"ಉಪ್ಪು ತಿಳಿಯಲ್ಲ ಅಂದ್ನಲ್ಲೇ."

"ಕೈಗೇನಾಗಿದೆ? ಕಲಸಿ ಅಂದೆ."

ಅಗ್ರಿಪ್ಪೀನ ಸ್ವಲ್ಪ ಉಪ್ಪು ಉದುರಿಸಿ ಕಲಸಿದಳು. ಕೆಂಪು ಮೆತ್ತಿದ ಬೆರಳನ್ನು ನಾದಿನಿಯ ಬಾಯಿಗೆ ಹಿಡಿದಳು. ವೆನೆರ ಚಪ್ಪರಿಸಿದಳು.

"ಇನ್ನೊಂದ್ ಚಿಟಿಕೆ."

"ಇಷ್ಟು ವರ್ಷ ನನ್ನ ಕುಟುಕಿದ ನಾಲಿಗೆ," ಎಂದಳು ಅಗ್ರಿಪ್ಪೀನ ಕಣ್ಣೊರೆಸಿಕೊಳ್ಳುತ್ತ, "ಅದನ್ನ ನಂಬಬೇಕಾ ನಾನು?" ಚಿಟಿಕೆ ಉಪ್ಪು ಹಾಕಿದಳು.