ಹಕ್ಕಿ ಕಾಯುವ ತಿಪ್ಪಕ್ಕ

ಹಿರೇಗುಂಟನೂರಿನ ಜೋಳದ ಹೊಲಗಳಲ್ಲಿ ಹಕ್ಕಿ ಕಾಯಲು ತಿಪ್ಪಕ್ಕನೇ ಆಗಬೇಕು. ತೆನೆ ಹಾಲುಗಟ್ಟಿದ ದಿನ ಕವಣೆ ಹಿಡಿದು ಅಟ್ಟಣೆ ಹತ್ತಿದಳೆಂದರೆ, ಅಮಲ್ದಾರರ ಕುದುರೆ ಬಂದರೂ ಇಳಿಯುವವಳಲ್ಲ. ಗಿಳಿಗಳನ್ನು ಸೊಸೆಯರೆಂದು, ಗೊರವಂಕವನ್ನು ಜಗಳಗಂಟಿಯೆಂದು ಬೈಯುತ್ತಾಳೆ. ರೆಕ್ಕೆಯ ಸದ್ದಿನಲ್ಲೇ ಬಂದವರಾರೆಂದು ಹೇಳುತ್ತಾಳೆ. ಆದರೆ ಅವಳ ಕಲ್ಲು ಒಂದು ಹಕ್ಕಿಗಾದರೂ ತಾಗಿದ್ದನ್ನು ಹೊಲದೊಡೆಯ ಮರುಳಪ್ಪಗೌಡರು ಕಂಡಿಲ್ಲ. "ಗುರಿ ಇಲ್ವೇನು ತಿಪ್ಪಕ್ಕ?" ಎಂದರೆ, "ಗುರಿ ಐತೆ ಗೌಡ್ರೆ, ಅದಕ್ಕೇ ತಾಗಲ್ಲ" ಎನ್ನುತ್ತಾಳೆ. ಮೊನ್ನೆ ಕೊಯ್ಲು ಮುಗಿದಾಗ ಹೊಲದ ನಡುವೆ ಒಂದು ಮಾರು ಜೋಳ ಹಾಗೇ ನಿಂತಿತ್ತು. ಗೌಡರು ಕುಡುಗೋಲು ಹಿಡಿದು ಅತ್ತ ಹೊರಟರು. ಅಲ್ಲಿಯವರೆಗೆ ಕೂಗಿಯೇ ಮಾತಾಡಿದ್ದ ತಿಪ್ಪಕ್ಕ ಪಿಸುಗುಟ್ಟಿದಳು: "ಮೆಲ್ಲಕೆ ಬರ್ರಿ, ಒಳಗೆ ಬಾಣಂತಿ ಅದಾಳೆ." ಬುಡದಲ್ಲಿ ಗೌಜಲಹಕ್ಕಿಯೊಂದು ಮೊಟ್ಟೆಗಳ ಮೇಲೆ ಅಲುಗದೆ ಕುಳಿತಿತ್ತು. ಗೌಡರು ಜೀರುಗುಟ್ಟುವ ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡರು.