ಎರಡು ಹೆಸರು, ಒಂದು ಗೋದಾಮು

ಕಾಪುವಿನ ಆ ಪುಟ್ಟ ಡಯಾಲಿಸಿಸ್ ಕೇಂದ್ರದಲ್ಲಿ ತಾರಾನಾಥರು ಹತ್ತೊಂಬತ್ತು ವರ್ಷಗಳಿಂದ ಸ್ಟೋರ್ ಕೀಪರ್. ಸಾಮಾನು ಇಳಿಸಿದ ಡ್ರೈವರುಗಳನ್ನು ಅವರು ಹಾಗೆಯೇ ಕಳಿಸಿದವರಲ್ಲ. ಕೂರಿಸಿ, ಚಹಾ ಕೊಟ್ಟು, ಎಲ್ಲಿ ಲೋಡ್ ಮಾಡಿದಿರಿ, ಯಾವ ದಾರಿಯಾಗಿ ಬಂದಿರಿ, ಎಲ್ಲಿ ಕಾದಿರಿ ಎಂದೆಲ್ಲ ಕೇಳುತ್ತಾರೆ. ಹರಟೆಮಲ್ಲ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿಗೇನೂ ಕಡಿಮೆಯಿಲ್ಲ. ಮಣಿಪಾಲದಲ್ಲಿ ಓದಿ, ಮಾರ್ಚಿನಲ್ಲಿ ಖರೀದಿ ವಿಭಾಗಕ್ಕೆ ಬಂದ ಆಶ್ರಿತಾಳಿಗೂ ಮೊದಲು ಹಾಗೆಯೇ ಅನಿಸಿತ್ತು.

ಬಂದವಳೇ ಅವಳು ಚೆಂದದ ಒಂದು ಪಟ್ಟಿ ಮಾಡಿದಳು. ಕೊರತೆಯಾಗಬಹುದಾದ ಸಾಮಾನಿಗೆ ಕೆಂಪು, ಭಯವಿಲ್ಲದ್ದಕ್ಕೆ ಹಸಿರು. ತಾರಾನಾಥರು ಕನ್ನಡಕ ಏರಿಸಿ ನೋಡಿದರು.

"ಡಯಾಲಿಸಿಸ್ ದ್ರಾವಣಕ್ಕೆ ಹಸಿರು ಎಂತಕ್ಕೆ ಮೇಡಂ?"

"ಇಬ್ಬರು ಸಪ್ಲೈಯರ್ ಇದ್ದಾರಲ್ವಾ ತಾರಾನಾಥಣ್ಣ? ಒಬ್ಬರು ಕೈಕೊಟ್ಟರೆ ಇನ್ನೊಬ್ಬರು."

"ಹೆಸರು ಎರಡು ಉಂಟು. ಮಾಲು ಇರುವುದು ಒಂದೇ ಗೋದಾಮಿನಲ್ಲಿ, ಮಂಗಳೂರಿನ ಆಚೆ, ನೀರು ಹರಿಯುವ ತೋಡಿನ ಬದಿಯಲ್ಲಿ. ಎರಡೂ ಟೆಂಪೋದವರು ಹೇಳುವುದು ಒಬ್ಬನೇ ವಾಚ್‌ಮನ್‌ನ ಕತೆ. ಹೋದ ಮಳೆಗಾಲದ ನೀರಿನ ಗುರುತು ಗೋಡೆಯಲ್ಲಿ ಇಷ್ಟೆತ್ತರಕ್ಕೆ ಉಂಟಂತೆ." ಅವರು ತಮ್ಮ ಸೊಂಟ ಮುಟ್ಟಿ ತೋರಿಸಿದರು.

ಆಶ್ರಿತಾ ಪಟ್ಟಿಯಲ್ಲಿ ದ್ರಾವಣದ ಹಸಿರನ್ನು ಅಳಿಸಿ ಕೆಂಪು ಮಾಡಿದಳು. ಕೇಂದ್ರಕ್ಕೆ ಬರುವವರು ಇಪ್ಪತ್ತೆರಡು ಜನ. ಎಲ್ಲೂರಿನ ಬೇಬಿಯಕ್ಕನಂಥವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಎರಡು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಜೀವಕ್ಕೇ ಕುತ್ತು.

ಹುಡುಕಿದಾಗ ಹುಬ್ಬಳ್ಳಿಯಲ್ಲಿ ಬೇರೆಯೇ ಕಂಪನಿಯ ಮಾಲು ಸಿಕ್ಕಿತು. ಆದರೆ ಬಂದು ತಲುಪಲು ನಾಲ್ಕು ದಿನ ಬೇಕು ಎಂದು ಅವಳು ಅನುಮಾನಿಸಿದಳು.

"ಅದಕ್ಕೇ ಮಳೆ ಬರುವ ಮೊದಲೇ ತರಿಸುವುದು," ಎಂದರು ತಾರಾನಾಥರು.

ಮೇ ತಿಂಗಳಲ್ಲಿ ಮೀಟಿಂಗ್ ರೂಮಿನ ಕುರ್ಚಿಗಳೆಲ್ಲ ವರಾಂಡಕ್ಕೆ ಹೋದವು, ಮಳೆಗಾಲಕ್ಕೆಂದು ತೆಗೆದಿಡಲು ಹದಿನೈದು ದಿನಕ್ಕಾಗುವಷ್ಟು ಹುಬ್ಬಳ್ಳಿಯ ದ್ರಾವಣದ ಕ್ಯಾನುಗಳು ಒಳಗೆ ಬಂದವು. ಮ್ಯಾನೇಜರ್ ಮುಖ ಊದಿಸಿಕೊಂಡು ಓಡಾಡಿದರು. ಊದಿಸಿಕೊಳ್ಳಲಿ, ಮೀಟಿಂಗಿಗೆ ವರಾಂಡವೂ ಸಾಕು.

ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದ ಮೇಲೆ ಒಂದು ಬೆಳಿಗ್ಗೆ ಮೊದಲ ಸಪ್ಲೈಯರ್ ಫೋನ್ ಮಾಡಿದ. ಗೋದಾಮಿಗೆ ನೀರು ನುಗ್ಗಿದೆ, ಎಂಟು ದಿನ ಮಾಲಿಲ್ಲ. ಹತ್ತು ನಿಮಿಷದಲ್ಲಿ ಎರಡನೆಯವನೂ ಮಾಡಿದ. ಅವನದೂ ಅದೇ ಮಾತು. ಫೋನ್ ಇಟ್ಟು ಆಶ್ರಿತಾ ಮೀಟಿಂಗ್ ರೂಮಿನ ಕ್ಯಾನುಗಳ ಕಡೆ ನೋಡಿದಳು. ಎರಡು ವರ್ಷ ಪುಸ್ತಕದಲ್ಲಿ ಓದಿಯೂ ತನ್ನ ಕಣ್ಣಿಗೆ ಬೀಳದ್ದನ್ನು ಈ ಮನುಷ್ಯ ಚಹಾ ಕುಡಿಸುತ್ತಾ ಕಂಡುಕೊಂಡಿದ್ದರಲ್ಲ!

ಅವಳು ವಾರ್ಡಿಗೆ ಓಡಿದಳು. ಎಲ್ಲ ಯಂತ್ರಗಳೂ ನಡೆಯುತ್ತಿದ್ದವು. ತಾರಾನಾಥರು ಬಾಗಿಲಲ್ಲಿ ನಿಂತು ಕ್ಯಾನ್ ಎಣಿಸುತ್ತಿದ್ದರು.

"ಬೇಬಿಯಕ್ಕನಿಗೆ ಹೇಳ್ತೇನೆ ಅಣ್ಣ, ನೀವು ಎಂತ ಮಾಡಿದ್ದೀರಿ ಅಂತ."

"ಬೇಡ ಮೇಡಂ. ಅವರಿಗೆ ಇವತ್ತು ದಿನಾ ಇದ್ದ ಹಾಗೇ ಒಂದು ದಿನ. ಹಾಗೇ ಇರಲಿ."

ಒಳಗಿನಿಂದ ಬೇಬಿಯಕ್ಕ ಗೊಣಗಿದರು. "ಈ ಫ್ಯಾನಿಗೆ ಗಾಳಿಯೇ ಇಲ್ಲ ಮಾರಾಯ್ತಿ. ಇಲ್ಲಿ ಯಾರೂ ಕೆಲಸವೇ ಮಾಡುವುದಿಲ್ವಾ?"

"ಈಗ ಸರಿ ಮಾಡ್ತೇನೆ ಅಕ್ಕ," ಎಂದು ಆಶ್ರಿತಾ ಸ್ವಿಚ್ಚಿನ ಕಡೆ ಹೋದಳು. ಕಣ್ಣು ಮಂಜಾಗಿ ಅದು ಎಲ್ಲಿದೆಯೆಂದೇ ಅವಳಿಗೆ ಕಾಣಲಿಲ್ಲ.